ಸುತ್ತಿಗೆ ಎತ್ತುವ ಮುನ್ನ

ಉಡುಪಿ

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಾನು ಕೆಸರಿನ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದ ಯೆಜ್ಡಿ ಬೈಕನ್ನು ನೀನು ಮಂಗಳೂರಿಗೆ ಒಯ್ದು, ಗರಗರ ಸದ್ದು ಬರುತ್ತದೆಂದು ಈ ಭಾನುವಾರವೇ ಎಂಜಿನು ಬಿಚ್ಚಿ ಬೇರಿಂಗು ಬದಲಿಸಲು ಹೊರಟಿರುವುದನ್ನು ಓದಿ ಸಂತೋಷವೂ ಸ್ವಲ್ಪ ಅಂಜಿಕೆಯೂ ಆಯಿತು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಆ ಎಂಜಿನಿನ ಒಳ್ಳೆಯ ಕೇಸು, ಅಂದರೆ ಹೊರಕವಚ, ಹುಡುಕಿಕೊಂಡು ಊರೂರು ಅಲೆಯಬೇಕು, ಬೇರಿಂಗಾದರೋ ಪೇಟೆಯಲ್ಲಿ ಸಿಗುತ್ತದೆ. ಆದುದರಿಂದ ಹಳೆಯ ಬೇರಿಂಗು ಹಾಳಾದರೆ ಹಾಳಾಗಲಿ, ಕೇಸಿಗೂ ಅದರೊಳಗೆ ತಿರುಗುವ ದಂಡವಾದ ಕ್ರ್ಯಾಂಕಿಗೂ ಪೆಟ್ಟಾಗಬಾರದು.

ಬಿಚ್ಚುವ ಮೊದಲು ಬಲಬದಿಯ ಡೈನಮೋ ಕಳಚಿ, ಕ್ರ್ಯಾಂಕಿನ ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡು. ಕೈಗೆ ಸಡಿಲ ತಿಳಿದರೆ ನೀನು ಬರೆದ ಗರಗರ ಸದ್ದು ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗಿನದೇ. ಎರಡು ಮಳೆಗಾಲ ನಮ್ಮ ಕೊಟ್ಟಿಗೆಯ ಮಾಡಿನಡಿ, ಮಲ್ಪೆಯ ಉಪ್ಪುಗಾಳಿಯಲ್ಲಿ, ಒಮ್ಮೆಯೂ ಚಾಲೂ ಆಗದೆ ನಿಂತ ಗಾಡಿ ಅದು. ಗುಂಡುಗಳು ಓಡುವ ಹಾದಿಯಲ್ಲಿ ತುಕ್ಕು ಹಿಡಿದು ಸಣ್ಣ ಕುಳಿಗಳು ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಹೊಸದನ್ನು ಕೊಳ್ಳುವಾಗ ಅಂಗಡಿಯವನ ನೆನಪನ್ನು ನಂಬದೆ, ಹಳೆಯದರ ಮೇಲೆ ಕೆತ್ತಿದ ಸಂಖ್ಯೆಯನ್ನು ಓದಿಕೊಂಡು ಹೋಗು. ಉದಾಹರಣೆಗೆ 6305 ಎಂದಿದ್ದರೆ ಕೊನೆಯ 05ನ್ನು ಐದರಿಂದ ಗುಣಿಸಿದಾಗ ಒಳವ್ಯಾಸ 25 ಮಿ.ಮೀ. ಎಂದು ಬರುತ್ತದೆ, ಹೊರವ್ಯಾಸ 62, ದಪ್ಪ 17. ಎಂಜಿನು ಕಾದಾಗ ಗುಂಡುಗಳು ಬಿಗಿದುಕೊಳ್ಳದಿರಲೆಂದು ಒಳಗೆ ಹೆಚ್ಚು ಸಡಿಲವಿಟ್ಟು ಮಾಡಿದ ಬೇರಿಂಗುಗಳಿಗೆ ಸಿ3 ಎಂಬ ಗುರುತು ಇರುತ್ತದೆ, ಕ್ರ್ಯಾಂಕಿಗೆ ಅದನ್ನೇ ಕೇಳು. ರಬ್ಬರ್ ಮುಚ್ಚಳದ ಬೇರಿಂಗು ನೋಡಲು ಭದ್ರವೆನಿಸಿದರೂ ಪೆಟ್ರೋಲಿನೊಡನೆ ಬೆರೆತು ಬರುವ ಟೂಟಿ (2ಟಿ, ಟೂ-ಸ್ಟ್ರೋಕ್) ಎಣ್ಣೆಯನ್ನು ಅದು ತಡೆಯುವುದರಿಂದ ಇಲ್ಲಿಗೆ ಹಾಕಬಾರದು.

ಇನ್ನು ಸುತ್ತಿಗೆಯ ವಿಷಯ. ನಿನ್ನ ವಯಸ್ಸಿನಲ್ಲಿ ನಾನು ಇದೇ ಎಂಜಿನಿನ ಕ್ರ್ಯಾಂಕನ್ನು, ತುದಿಗೊಂದು ಮರದ ತುಂಡು ಕೊಟ್ಟು, ಹೊಸ ಬೇರಿಂಗಿನೊಳಕ್ಕೆ ಬಡಿದು ಕೂರಿಸಿದ್ದೆ. ವಾರ ಕಳೆಯುವುದರೊಳಗೆ ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿಯುವಷ್ಟು ನಡುಕ ಬಂತು. ಮಲ್ಪೆಯಲ್ಲಿ ದೋಣಿಯ ಎಂಜಿನು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಕ್ರ್ಯಾಂಕನ್ನು ವಿ ಆಕಾರದ ಕಚ್ಚಿರುವ ವಿ-ಬ್ಲಾಕಿನ ಮೇಲಿಟ್ಟು, ಸಣ್ಣ ಓರೆಯನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು ತಾಗಿಸಿ, ಒಂದು ಸುತ್ತು ತಿರುಗಿಸಿದರು. ಬಾಯಲ್ಲಿ ಒಂದು ಮಾತೂ ಆಡಲಿಲ್ಲ. ಗೇಜಿನ ಮುಳ್ಳು ಅತ್ತಿಂದಿತ್ತ ಹೊಯ್ದಾಡುವುದನ್ನು ಬೆರಳಲ್ಲಿ ತೋರಿಸಿದರಷ್ಟೆ. ಆ ಕ್ರ್ಯಾಂಕು ಒಂದೇ ತುಂಡಲ್ಲ, ಪ್ರೆಸ್ ಮಾಡಿ ಜೋಡಿಸಿದ್ದು. ನನ್ನ ಸುತ್ತಿಗೆಯ ಪೆಟ್ಟಿನಿಂದ ಕ್ರ್ಯಾಂಕಿನದೇ ಎರಡು ಚಕ್ರಗಳ ನಡುವಿನ ನೇರ ತಪ್ಪಿತ್ತು. ನೀನೂ ಜೋಡಿಸುವ ಮೊದಲು ಬೈಕಂಪಾಡಿಯ ಯಾವುದಾದರೂ ಲೇತ್ ಶಾಪಿನಲ್ಲಿ ಅದನ್ನು ನೋಡಿಸು, ಮುಳ್ಳು 0.05 ಮಿ.ಮೀ. ದಾಟಿದರೆ ಸರಿಮಾಡಿಸದೆ ಮುಂದುವರಿಯಬೇಡ.

ಬೇರಿಂಗು ಕೂರಿಸಲು ಬೇಕಾದದ್ದು ಬಿಸಿ. ಕೇಸನ್ನು ಪೆಟ್ರೋಲಿನಲ್ಲಿ ತೊಳೆದಿದ್ದರೆ ಒಂದು ದಿನ ಬಯಲಿನಲ್ಲಿ ಪೂರ್ತಿ ಒಣಗಿಸಿ, ಬೇರಿಂಗನ್ನು ಹಿಡಿದಿಡುವ ಸರ್ಕ್ಲಿಪ್ಪು ಬಳೆಗಳನ್ನೂ ಸೋರಿಕೆ ತಡೆಯುವ ಹಳೆಯ ಸೀಲುಗಳನ್ನೂ ತೆಗೆದು, ವಿದ್ಯುತ್ ಒಲೆಯ ಮೇಲಿಟ್ಟು ಎಲ್ಲ ಕಡೆಗೂ ಸಮನಾಗಿ ಕಾವು ಹರಡುವಂತೆ ನಿಧಾನವಾಗಿ ಬಿಸಿಮಾಡು. ಗ್ಯಾಸಿನ ಜ್ವಾಲೆಯನ್ನು ಒಂದೇ ಕಡೆ ಹಿಡಿದರೆ ಕೇಸು ಸೊಟ್ಟಗಾಗುತ್ತದೆ. ನೀರಿನ ಹನಿ ಚುರ್ ಎಂದು ಆರಿಹೋದರೆ ಸಾಕು. ದೋಸೆ ಕಾವಲಿಯ ಮೇಲಿನಂತೆ ಹನಿ ಮುತ್ತಾಗಿ ಓಡಿದರೆ ಕಾವು ಅತಿಯಾಯಿತೆಂದು ತಿಳಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುವ ಲೋಹ. 80 ಡಿಗ್ರಿ ಕಾವು ಏರಿದಾಗ 62 ಮಿ.ಮೀ. ಕುಳಿ ಸುಮಾರು 0.11 ಮಿ.ಮೀ. ದೊಡ್ಡದಾಗುತ್ತದೆ. ಕೇಸನ್ನು ಮಗುಚಿ ಮರದ ಹಲಗೆಗೆ ಮೆಲ್ಲನೆ ತಟ್ಟಿದರೆ ಹಳೆಯ ಬೇರಿಂಗು ತಾನಾಗಿ ಉದುರುವುದುಂಟು. ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟ ಹೊಸದನ್ನು ಓರೆಯಾಗದಂತೆ ಇಳಿಸಿದರೆ ಟಕ್ಕೆಂದು ಕೂರುತ್ತದೆ. ಎಲ್ಲಿಯಾದರೂ ಅರ್ಧದಲ್ಲಿ ನಿಂತರೆ, ಕೇಸಿಗೆ ಕೂರಿಸುವಾಗ ಹೊರಬಳೆಯನ್ನೇ ಒತ್ತು, ಕ್ರ್ಯಾಂಕಿಗೆ ಏರಿಸುವಾಗ ಒಳಬಳೆಯನ್ನೇ ಒತ್ತು. ತಪ್ಪಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು ಹಾದಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ, ಮತ್ತೆ ಅದೇ ಗರಗರ.

ಕೇಸು ತಣಿದ ಮೇಲೆ ಸೀಲುಗಳನ್ನು ಹೊಸದಾಗಿಯೇ ಹಾಕು. ನಾಲ್ಕು ಕಾಸು ಉಳಿಸಲು ಹಳೆಯದನ್ನು ಬಿಟ್ಟರೆ ಅಲ್ಲಿ ಗಾಳಿ ಎಳೆದು, ಮಿಶ್ರಣ ತೆಳುವಾಗಿ, ಪಿಸ್ಟನ್ನು ಸಿಲಿಂಡರಿನಲ್ಲಿ ಜಾಮ್ ಆಗುತ್ತದೆ. ಬೇರಿಂಗಿಗೆ ನಾಲ್ಕು ಹನಿ ಟೂಟಿ ಎಣ್ಣೆ ಬಿಡದೆ ಒಮ್ಮೆಯೂ ಕಿಕ್ ಹೊಡೆಯಬೇಡ.

ಈ ಭಾನುವಾರ ಎಂಜಿನು ಬಿಚ್ಚುವುದಷ್ಟೇ ಸಾಕು, ಬೇರಿಂಗು ಕೂರಿಸುವ ಯೋಚನೆ ಬಿಟ್ಟು, ಕೇಸಿನ ಎರಡೂ ಹೋಳುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಮುಂದಿನ ಶನಿವಾರ ಇಲ್ಲಿಗೆ ಬಾ. ವಿದ್ಯುತ್ ಒಲೆ ನನ್ನಲ್ಲಿದೆ. ಬೇರಿಂಗು ಮೀನಿನ ಪಕ್ಕ ಫ್ರೀಜರಿನಲ್ಲಿ ಕೂರಲು ಅತ್ತೆಯ ಒಪ್ಪಿಗೆಯನ್ನೂ ಪಡೆದಿದ್ದೇನೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿರಬೇಕೆಂಬುದು ಅವಳ ಷರತ್ತು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಗ್ಯಾಸ್ಕೆಟ್ ಹಾಳೆ ತರಲು ಮರೆಯಬೇಡ.

ಇಂತು ನಿನ್ನ
ಸೋದರಮಾವ