ಗಾಳಿಯ ಬೀಸು ಮತ್ತು ಬಿರುಸಿನ ಇಳಿತ: ಅಪ್ಪನಿಗೊಂದು ಪತ್ರ

ಲೆತ್‌ಬ್ರಿಜ್, ಆಲ್ಬರ್ಟಾ, ಕೆನಡಾ
ಏಪ್ರಿಲ್ 2025

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಫೆಬ್ರವರಿ 17ರಂದು ಟೊರಾಂಟೊದಲ್ಲಿ ಮಗುಚಿಬಿದ್ದ ವಿಮಾನವನ್ನು ಟಿ.ವಿ.ಯಲ್ಲಿ ನೋಡಿದಂದಿನಿಂದ, ನಾನು ರಿಪೇರಿ ಮಾಡುವ ತರಬೇತಿ ವಿಮಾನಗಳೂ ಹಾಗೆಯೇ ಮುರಿಯಬಹುದೇ ಎಂದು ಕೇಳುತ್ತಿದ್ದೀರಿ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆಯುವುದೇ ಮೇಲೆನಿಸಿತು. ಅಲ್ಲಿದ್ದ 80 ಮಂದಿಯೂ ಬದುಕುಳಿದರು. ತನಿಖೆಯ ಮೊದಲ ವರದಿಯ ಪ್ರಕಾರ ನೆಲ ಮುಟ್ಟುವಾಗ ಆ ವಿಮಾನ ನಿಮಿಷಕ್ಕೆ ಸುಮಾರು 1,100 ಅಡಿಯಂತೆ, ಅಂದರೆ ಸೆಕೆಂಡಿಗೆ 18 ಅಡಿಯಂತೆ ಕುಸಿಯುತ್ತಿತ್ತು. ನಮ್ಮ ಸೆಸ್ನಾ 172ರಂಥ ಸಣ್ಣ ವಿಮಾನಗಳನ್ನು ಸೆಕೆಂಡಿಗೆ 7ರಿಂದ 10 ಅಡಿಯ ಇಳಿತಕ್ಕೆ ಲೆಕ್ಕಹಾಕಿ ಕಟ್ಟಿರುತ್ತಾರೆ.

ಈ ಊರಿರುವುದು ರಾಕಿ ಪರ್ವತಗಳ ಪೂರ್ವದ ಬಯಲಿನಲ್ಲಿ. ಬೆಟ್ಟ ದಾಟಿ ಇಳಿದುಬರುವ ಚಿನೂಕ್ ಗಾಳಿ ಚಳಿಗಾಲದ ಹಿಮವನ್ನೂ ಕರಗಿಸಿಬಿಡುತ್ತದೆ. ಗಾಳಿ ಜೋರಾಗಿದೆ ಎಂದ ಮಾತ್ರಕ್ಕೆ ಅಪಾಯವಿಲ್ಲ. ಒಂದೇ ಸಮನೆ ಬೀಸುವ ಎದುರುಗಾಳಿ ಇಳಿಯುವವರಿಗೆ ನೆರವೇ ಆಗುತ್ತದೆ. ತೊಂದರೆಯಿರುವುದು ಅದು ತಟಕ್ಕನೆ ತಗ್ಗುವುದರಲ್ಲಿ. 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿ ಆಗಾಗ 25ಕ್ಕೆ ಏರುತ್ತಿದೆ ಎಂದುಕೊಳ್ಳಿ. ಎದುರುಗಾಳಿಯೂ ಸೇರಿ 65 ನಾಟ್ ವೇಗದಲ್ಲಿ ರನ್‌ವೇಯ ಮೇಲೆ ಬಂದ ವಿಮಾನಕ್ಕೆ ಆ 10 ನಾಟ್ ಒಮ್ಮೆಲೇ ತಪ್ಪಿಹೋದರೆ, ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕಾಲು ಭಾಗಕ್ಕಿಂತ ಹೆಚ್ಚೇ ಕುಸಿಯುತ್ತದೆ, ಮತ್ತು ನೆಲ ಇಪ್ಪತ್ತೇ ಅಡಿ ಕೆಳಗಿರುವಾಗ ಎಂಜಿನ್ ಚುರುಕಾಗಿ ಅದನ್ನು ತುಂಬಿಕೊಡುವಷ್ಟು ಸಮಯವಿರುವುದಿಲ್ಲ.

ಆದ್ದರಿಂದ ಬೀಸಿನ ಏರಿಳಿತದ ಅರ್ಧದಷ್ಟು ವೇಗವನ್ನು, ಇಲ್ಲಿ 5 ನಾಟ್, ಹೆಚ್ಚಿಗೆ ಇಟ್ಟುಕೊಂಡು ಇಳಿಯಲು ಕಲಿಸುತ್ತಾರೆ. ಹೆದರಿದ ವಿದ್ಯಾರ್ಥಿಗಳು ಇನ್ನೂ ಹೆಚ್ಚು ವೇಗ ಇಟ್ಟುಕೊಳ್ಳುತ್ತಾರೆ; ನನ್ನ ಕೈಗೆ ಬರುವ ಕೆಲಸ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುವುದು. ವೇಗ ಹೆಚ್ಚಾದ ವಿಮಾನ ನೆಲಕ್ಕೆ ಕೂರದೆ ತೇಲುತ್ತದೆ, ಅದನ್ನು ಬಲವಂತವಾಗಿ ಒತ್ತಿದರೆ ಮೂಗಿನ ಚಕ್ರ ಮೊದಲು ತಾಗಿ ಪುಟಿಯುತ್ತದೆ, ಮತ್ತೆ ಒತ್ತಿದರೆ ಎರಡನೆಯ ಪೆಟ್ಟು ಮೊದಲಿನದಕ್ಕಿಂತ ಜೋರಾಗಿರುತ್ತದೆ. ಹಿಂದಿನ ಎರಡು ಕಾಲುಗಳು ಲಾರಿಯ ಸ್ಪ್ರಿಂಗ್ ಪಟ್ಟಿಯಂತೆ ಬಾಗಿ ಸುಧಾರಿಸಿಕೊಳ್ಳುವ ಉಕ್ಕು. ಮೂಗಿನ ಕಾಲಿಗೆ ಆ ತಾಳಿಕೆಯಿಲ್ಲ. ಅದರ ಪೆಟ್ಟು ನೇರವಾಗಿ ಎಂಜಿನ್ ಹಿಂದಿನ ತಗಡಿನ ಗೋಡೆಗೆ ಹೋಗುತ್ತದೆ. ಪುಟಿದ ಕ್ಷಣವೇ ಪೂರ್ತಿ ಶಕ್ತಿ ಕೊಟ್ಟು ಮೇಲೇರಿ ಇನ್ನೊಮ್ಮೆ ಸುತ್ತಿಬರುವುದೇ ಸುರಕ್ಷಿತ ದಾರಿ.

ಕೆನಡಾದ ನಿಯಮದಂತೆ, ಬಿರುಸಾಗಿ ಇಳಿದ ವಿಮಾನವನ್ನು ತಪಾಸಣೆಯಾಗದೆ ಮತ್ತೆ ಹಾರಿಸುವಂತಿಲ್ಲ. ಆ ಗೋಡೆ ಸುಕ್ಕುಗಟ್ಟಿದೆಯೇ, ತಗಡುಗಳನ್ನು ಜೋಡಿಸುವ ರಿವೆಟ್‌ಗಳ ಸುತ್ತ ಕಪ್ಪು ಕಲೆಯಿದೆಯೇ, ಪ್ರೊಪೆಲರ್ ತುದಿ ನೆಲಕ್ಕೆ ತಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇನೆ. ನಯವಾಗಿ ಇಳಿಸಿದೆನೆಂದು ಹೇಳಿಕೊಳ್ಳುವವರಿಗಿಂತ, "ಇವತ್ತು ಗಟ್ಟಿಯಾಗಿ ಬಿತ್ತು" ಎಂದು ಪುಸ್ತಕದಲ್ಲಿ ಬರೆದಿಟ್ಟು ಹೋಗುವ ಹುಡುಗರ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಹಾಗಾಗಿ ಅಪ್ಪ, ಮುರಿಯಬಹುದು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಆದರೆ ಇಲ್ಲಿ ನಾನು ಕಾಣುವುದು ಹೆಚ್ಚಾಗಿ ಸುಕ್ಕಾದ ತಗಡು, ಬಾಗಿದ ಪ್ರೊಪೆಲರ್. ಅಮ್ಮನಿಗೂ ಇದನ್ನು ಓದಿ ಹೇಳಿ. ಆ ವಿಡಿಯೊವನ್ನು ಮತ್ತೆ ಮತ್ತೆ ತೋರಿಸಬೇಡಿ.

ಇಂತಿ ನಿಮ್ಮ ಪ್ರೀತಿಯ ಮಗಳು