ಬಾಗಿಲಲ್ಲಿ ಬಿ.ಪಿ. ನೋಡುವವರಿಗೆ ಹತ್ತು ನಿಮಿಷ ಕೊಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಿಂದಲೇ. ಮೂವತ್ತು ದಾಟಿದವರ ಬಿ.ಪಿ., ಶುಗರ್ ಮನೆ ಬಾಗಿಲಲ್ಲೇ ನೋಡಿ ಮಾತ್ರೆ ತಲುಪಿಸುವುದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಮಾತು ಅಳತೆಯ ಬಗ್ಗೆ. ಕಾರ್ಡಿನಲ್ಲಿ ಬರೆದ 146/92 ಎಂಬ ಬಿ.ಪಿ. ಅಂಕಿ ಒಬ್ಬರನ್ನು ಜೀವನಪೂರ್ತಿ ಮಾತ್ರೆಗೆ ಹಚ್ಚುತ್ತದೆ. ಅದರಲ್ಲಿ ಹತ್ತು ಪಾಯಿಂಟ್ ಕೂತ ರೀತಿಯಿಂದಲೋ ತೋಳಿಗೆ ಸುತ್ತುವ ಪಟ್ಟಿಯಿಂದಲೋ ಬಂದಿದ್ದರೆ ಆ ಮಾತ್ರೆ ಯಾರ ಲೆಕ್ಕಕ್ಕೆ?

ಹಳ್ಳಿಯಲ್ಲಿ ಬಿ.ಪಿ. ನೋಡುವ ಜಾಗ ಸಾಮಾನ್ಯವಾಗಿ ಜಗಲಿ. ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದ ಅಜ್ಜಿ, ಬೆನ್ನಿಗೆ ಆಸರೆಯಿಲ್ಲದೆ ಕಾಲು ಮಡಚಿ ಕೂತು, ಕೈ ತೊಡೆಯ ಮೇಲಿಟ್ಟು, ಸೊಸೆಯ ಜೊತೆ ಮಾತಾಡುತ್ತಲೇ ಕೈ ಕೊಡುತ್ತಾರೆ. ಕೈ ತೊಡೆಯ ಮೇಲಿದ್ದರೆ ಮೇಲಿನ ಅಂಕಿ ಸುಮಾರು 4 ಹೆಚ್ಚು ಬರುತ್ತದೆ, ಪಕ್ಕದಲ್ಲಿ ಜೋತುಬಿದ್ದಿದ್ದರೆ 6–7 ಹೆಚ್ಚು. ಮಾತಾಡಿದರೆ ಇನ್ನೂ ಏರುತ್ತದೆ. ಮೂತ್ರ ಕಟ್ಟಿಕೊಂಡು ಕೂತಿದ್ದರೂ ಅಷ್ಟೇ. ಆಗಷ್ಟೇ ಕುಡಿದ ಕಾಫಿ, ಸೇದಿದ ಬೀಡಿ ಅರ್ಧ ಗಂಟೆಯವರೆಗೆ ಅಂಕಿಯನ್ನು ಕೆಡಿಸುತ್ತವೆ. ರವಿಕೆಯ ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಒಂದು ಕಟ್ಟಾಗಿ ರಕ್ತ ತಡೆಯುತ್ತದೆ. ತೆಳು ಬಟ್ಟೆಯಾದರೆ ಅದರ ಮೇಲೇ ಪಟ್ಟಿ ಕಟ್ಟುವುದು ಎಷ್ಟೋ ವಾಸಿ.

ಪಟ್ಟಿಯದೇ ಒಂದು ದೊಡ್ಡ ಕಥೆ. ಯಂತ್ರದ ಜೊತೆ ಸಾಮಾನ್ಯವಾಗಿ ಬರುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದರೆ ಸುಮಾರು 5 ಪಾಯಿಂಟ್ ಹೆಚ್ಚು ತೋರಿಸುತ್ತದೆ. ತೀರಾ ದಪ್ಪ ತೋಳಾದರೆ ವ್ಯತ್ಯಾಸ 20ರ ಹತ್ತಿರ ಹೋಗುತ್ತದೆ. ಕೂಲಿ ಮಾಡಿ ಸೊರಗಿದ ತೆಳು ತೋಳಿನ ಮುದುಕರಲ್ಲಿ ಇದು ತಿರುವುಮುರುವು: ಸಡಿಲ ಪಟ್ಟಿ ಕಮ್ಮಿ ತೋರಿಸಿ, ನಿಜವಾಗಿ ಬಿ.ಪಿ. ಇರುವವರನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಪ್ರತಿ ತಂಡಕ್ಕೂ ಸಣ್ಣ, ಸಾಮಾನ್ಯ, ದೊಡ್ಡ ಹೀಗೆ ಮೂರು ಪಟ್ಟಿ ಮತ್ತು ಒಂದು ಟೇಲರ್ ಟೇಪು ಬೇಕು. ಟೇಪಿಗೆ ಟೆಂಡರ್ ಕರೆಯಬೇಕಾಗಿಲ್ಲ.

ಸರಿಯಾದ ಕ್ರಮ ಏನೂ ಕಷ್ಟದ್ದಲ್ಲ. ಒರಗುವ ಕುರ್ಚಿ, ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ ಬರುವಂತೆ ಸ್ಟೂಲಿನ ಮೇಲೆ ಮಡಿಸಿದ ಕಂಬಳಿ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಬೇಕು. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆಯಬೇಕು. ಮೊದಲ ಭೇಟಿಯಲ್ಲಿ ಎರಡೂ ಕೈ ನೋಡಿ, ಹೆಚ್ಚು ಬಂದ ಕೈಯನ್ನೇ ಮುಂದೆ ಹಿಡಿಯಬೇಕು. ನಾಡಿ ಏರುಪೇರಾಗಿ ಬಡಿಯುತ್ತಿದ್ದರೆ ಯಂತ್ರವನ್ನು ನಂಬದೆ ವೈದ್ಯರ ಬಳಿ ಕಳಿಸಬೇಕು. 140/90 ದಾಟಿದರೂ ಅದೊಂದನ್ನೇ ನೋಡಿ ಕಾಯಿಲೆ ಅನ್ನಬಾರದು, ಇನ್ನೊಂದು ದಿನ ಮತ್ತೆ ನೋಡಬೇಕು. 180/110 ದಾಟಿದ್ದರೆ ಅಷ್ಟು ಕಾಯಲಾಗದು, ಅವತ್ತೇ ವೈದ್ಯರಿಗೆ ತೋರಿಸಬೇಕು. ಜೊತೆಗೆ ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು ಇದ್ದರೆ ನೇರ 108.

ಶುಗರ್ ವಿಷಯದಲ್ಲಿ ನಮ್ಮ ಜಿಲ್ಲೆಗೇ ಒಂದು ವಿಶೇಷ ತೊಡಕಿದೆ, ಮಾವು. ಮೇ–ಜೂನ್‌ನಲ್ಲಿ ಶ್ರೀನಿವಾಸಪುರದ ಕಡೆ ಹಣ್ಣು ಸುಲಿದ ಕೈಯಲ್ಲೇ ಬೆರಳು ಚಾಚುತ್ತಾರೆ. ಚರ್ಮಕ್ಕಂಟಿದ ರಸದ ಸಕ್ಕರೆ ರಕ್ತದ ಹನಿಗೆ ಬೆರೆತು ಅಂಕಿ ಸುಳ್ಳೇ ಏರುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಎಷ್ಟು ಒರೆಸಿದರೂ ಅದು ಪೂರ್ತಿ ಹೋಗದು. ನೀರಿನಲ್ಲಿ ಕೈ ತೊಳೆದು ಒಣಗಿಸಿದರೆ ಹೋಗುತ್ತದೆ. ಬೆಲ್ಲ ಮುಟ್ಟಿದ ಕೈಗೂ ಇದೇ ಮಾತು. ಬೆರಳನ್ನು ಹಿಂಡಿ ಹಿಂಡಿ ಹನಿ ತೆಗೆದರೆ ನೀರಿನಂಶ ಬೆರೆತು ಅಳತೆ ಕೆಡುತ್ತದೆ. ಶುಗರ್ ನೋಡುವ ಸ್ಟ್ರಿಪ್ ಡಬ್ಬಿಯನ್ನು ಬೇಸಿಗೆಯ ಮಧ್ಯಾಹ್ನ ಸ್ಕೂಟರ್ ಡಿಕ್ಕಿಯಲ್ಲಿ ಇಡುವುದು, ಮುಚ್ಚಳ ತೆಗೆದೇ ಬಿಡುವುದು ನಿಲ್ಲಬೇಕು. ಸಾಮಾನ್ಯವಾಗಿ ಡಬ್ಬಿಯ ಮೇಲೇ 30 ಡಿಗ್ರಿ ಮಿತಿ ಅಚ್ಚಾಗಿರುತ್ತದೆ.

ಮಾತ್ರೆ ಕೊಟ್ಟ ಮೇಲೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ‘ಕೀಲುನೋವಿಗೆ ಏನು ನುಂಗುತ್ತೀರಿ?’ ಫ್ಲೋರೈಡ್ ನೀರು ಕುಡಿದ ಈ ಜಿಲ್ಲೆಯಲ್ಲಿ ಮಂಡಿ, ಸೊಂಟ ಹಿಡಿದವರು ಬಹಳ. ಮೆಡಿಕಲ್ ಸ್ಟೋರಿನಿಂದ ತಂದ ನೋವಿನ ಮಾತ್ರೆ ಡೈಕ್ಲೋಫೆನಾಕ್ ದಿನವೂ ನುಂಗಿದರೆ ಬಿ.ಪಿ. ಏರುತ್ತದೆ, ಬಿ.ಪಿ. ಮಾತ್ರೆ ಟೆಲ್ಮಿಸಾರ್ಟನ್‌ನ ಕೆಲಸ ಕುಗ್ಗುತ್ತದೆ, ಮೂತ್ರಪಿಂಡಕ್ಕೂ ಏಟು. ಈ ಪ್ರಶ್ನೆ ಕೇಳದೆ ಬಿ.ಪಿ. ಮಾತ್ರೆಯನ್ನು ಮಾತ್ರ ಏರಿಸುತ್ತಾ ಹೋದರೆ ಉಪಯೋಗವಿಲ್ಲ. ಇನ್ನೊಂದು ಬಿ.ಪಿ. ಮಾತ್ರೆ ಅಮ್ಲೊಡಿಪಿನ್‌ನಿಂದ ಪಾದ ಊದಿಕೊಂಡರೆ ಜನ ಯಾರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ. ಮುಂದಿನ ಭೇಟಿಯಲ್ಲಿ ಪಾದವನ್ನು ಒತ್ತಿ ನೋಡಲು ಅರ್ಧ ನಿಮಿಷ ಸಾಕು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಊಟದ ಜೊತೆ ಅಂತ ಹೇಳದಿದ್ದರೆ ಹೊಟ್ಟೆ ಕೆಟ್ಟು ಅದೂ ಮೂಲೆ ಸೇರುತ್ತದೆ.

ಇಷ್ಟಕ್ಕೂ ಬೇಕಾದದ್ದು ಒಬ್ಬರಿಗೆ ಹತ್ತು ನಿಮಿಷ, ಅಂದರೆ ಗಂಟೆಗೆ ಆರು ಜನ. ದಿನಕ್ಕೆ ಇಷ್ಟು ಮನೆ ಎಂದು ಗುರಿ ಇಟ್ಟ ಕಡೆ ಮೊದಲು ಕತ್ತರಿ ಬೀಳುವುದು ಆ ಐದು ನಿಮಿಷದ ವಿಶ್ರಾಂತಿಗೇ. ಆಶಾ, ಸಮುದಾಯ ಆರೋಗ್ಯ ಅಧಿಕಾರಿ, ಶುಶ್ರೂಷಾಧಿಕಾರಿ ಯಾರನ್ನು ಬೈದರೂ ಇದು ಸರಿಹೋಗದು.

ಹಾಗಾಗಿ ನಮ್ಮ ಬೇಡಿಕೆ ಇಷ್ಟು: ಕಾರ್ಡಿನಲ್ಲಿ ಬಿ.ಪಿ.ಗೆ ಒಂದು ಖಾನೆಯ ಬದಲು ಎರಡು ಖಾನೆ ಅಚ್ಚು ಹಾಕಿಸಿ, ಪಕ್ಕದಲ್ಲಿ ತೋಳಿನ ಸುತ್ತಳತೆಗೆ ಒಂದು ಸಣ್ಣ ಖಾನೆ ಇರಲಿ. ನೋವಿನ ಮಾತ್ರೆಯ ಪ್ರಶ್ನೆಯೂ ಅದರಲ್ಲೇ ಸೇರಲಿ. ಯಂತ್ರಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ತಾರೀಖಿನ ಚೀಟಿ ಅಂಟಿಸಲಿ. ತಿಂಗಳ ವರದಿಯಲ್ಲಿ ಎಷ್ಟು ಮನೆ ಮುಟ್ಟಿದಿರಿ ಎಂದು ಕೇಳುವ ಜಾಗದಲ್ಲಿ, ಎರಡು ಸಲ ಅಳೆದವರು ಎಷ್ಟು, ಕಳೆದ ತಿಂಗಳು ಮಾತ್ರೆ ಪಡೆದವರಲ್ಲಿ 140/90ರ ಕೆಳಗೆ ಬಂದವರು ಎಷ್ಟು ಎಂದು ಕೇಳಿ. ಮೊದಲ ಮೂರು ತಿಂಗಳು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾಡಿ ನೋಡಬಹುದು.

ಇಂತಿ,
ಕೋಲಾರ ಜಿಲ್ಲೆಯಲ್ಲಿ ಕೆಲಸ ಮಾಡುವ ಫಿಸಿಷಿಯನ್ ಅಸಿಸ್ಟೆಂಟ್‌ಗಳು ಮತ್ತು ಶುಶ್ರೂಷಾಧಿಕಾರಿಗಳು