ಸೀನ ಅಡ್ವಾನ್ಸ್ ಕೊಡುವ ಮೊದಲು

ಸವನ್‌ಖಲೋಕ್, ಥಾಯ್ಲೆಂಡ್

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವಿನ ಬಗ್ಗೆ ಮುಂದಿನ ಸಲ ಬರೆಯುತ್ತೇನೆ. ಪುಟ್ಟಿ ಮದುವೆಗೆ ಇಟ್ಟ ದುಡ್ಡನ್ನು ಸೀನ ‘ಆರುನೂರು ವರ್ಷದ ಸುಖೋಥಾಯ್ ತಟ್ಟೆ’ಗೆ ಸುರಿಯಲು ಹೊರಟಿದ್ದಾನೆ ಅಂತ ಬರೆದಿದ್ದೀರಲ್ಲ, ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ನನ್ನ ಫೋನ್ ಎತ್ತುತ್ತಿಲ್ಲ ಅವನು. ಈ ಕಾಗದವನ್ನೇ ಓದಿ ಹೇಳಿ.

ನೀವು ಕಳಿಸಿದ ಫೋಟೋದಲ್ಲೇ ಎಡವಟ್ಟಿದೆ. ತಟ್ಟೆ ಹಸಿರು, ಒಳಗೆ ನಡುವೆ ಐದು ಚುಕ್ಕೆ. ಇವೆರಡೂ ಒಂದೇ ತಟ್ಟೆಯಲ್ಲಿದ್ದರೆ ಅನುಮಾನ ಪಡಬೇಕು. ಸುಖೋಥಾಯ್ ಇಲ್ಲಿನ ಹಳೆಯ ಊರು, ಅಲ್ಲಿನ ಮಣ್ಣು ಒರಟು. ಅದನ್ನು ಮರೆಮಾಡಲು ಬಿಳಿಮಣ್ಣಿನ ನೀರು ಬಳಿದು, ಕಬ್ಬಿಣದ ಕಪ್ಪಿನಲ್ಲಿ ಮೀನು, ಹೂವು ಬರೆದು, ಮೇಲೆ ಬಣ್ಣವಿಲ್ಲದ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಕೊಡುತ್ತಿದ್ದರು. ಒಂದರೊಳಗೊಂದು ಪೇರಿಸಿ ಸುಡುವಾಗ ಅಂಟಿಕೊಳ್ಳದಿರಲೆಂದು ನಡುವೆ ಐದು ಮೊಳೆಯ ಮಣ್ಣಿನ ಬಿಲ್ಲೆ ಇಡುತ್ತಿದ್ದರು. ಚುಕ್ಕೆ ಬೀಳುವುದು ಅದರಿಂದ. ಹಸಿರು ಮಾಲು ಹೆಚ್ಚಾಗಿ ಅದರ ಉತ್ತರಕ್ಕಿರುವ ಸಿ ಸಚ್ಚನಾಲಯ ಎಂಬ ಊರಿನದು. ಅಲ್ಲಿ ಪಾತ್ರೆಯನ್ನು ಮಣ್ಣಿನ ಕೊಳವೆಯ ಮೇಲೆ ಕೂರಿಸಿ ಸುಡುತ್ತಿದ್ದರು. ಹಾಗಾಗಿ ಗುರುತು ಸಾಮಾನ್ಯವಾಗಿ ತಟ್ಟೆಯ ಅಡಿಯಲ್ಲಿ, ತಳದ ಬಳೆಯ ಒಳಗೆ, ಕಪ್ಪು ಉಂಗುರದಂತೆ ಉಳಿಯುತ್ತದೆ. ತಟ್ಟೆ ಮಗುಚಿ ಫೋಟೋ ತೆಗೆಯಲಿ. ವ್ಯಾಪಾರಿ ಬೇಡ ಅಂದರೆ ಅಲ್ಲಿಗೇ ಗೊತ್ತಾಯಿತಲ್ಲ.

‘ಬಿರುಕು ನೋಡಿ, ಹಳೇದೇ’ ಅಂದನಂತೆ ವ್ಯಾಪಾರಿ. ಭಟ್ಟಿ ಆರುವಾಗ ಮಣ್ಣಿಗಿಂತ ಗ್ಲೇಜ್ ಹೆಚ್ಚು ಕುಗ್ಗಿದರೆ ನಿನ್ನೆ ಸುಟ್ಟ ತಟ್ಟೆಯೂ ಬಿರಿಯುತ್ತದೆ. ಟೀ ಡಿಕಾಕ್ಷನ್ನಿನಲ್ಲಿ ನೆನೆಹಾಕಿದರೆ ಗೆರೆಗೆ ಕಂದು ಹತ್ತುತ್ತದೆ, ಅಜ್ಜನ ಕಾಲದ್ದು ಅನ್ನಬಹುದು! ಬಣ್ಣವನ್ನಾದರೂ ನೋಡಿ. ಗ್ಲೇಜಿನಲ್ಲಿ ಸೌದೆಬೂದಿ, ಚೂರು ಕಬ್ಬಿಣ. 1200 ಡಿಗ್ರಿಯ ಆಸುಪಾಸಿನಲ್ಲಿ ಗಾಳಿ ಕಟ್ಟಿ ಹೊಗೆಯುರಿ ಕೊಟ್ಟರೆ ಹಸಿರು, ಗಾಳಿ ನುಗ್ಗಿದರೆ ಹಳದಿ-ಕಂದು. ಹಳೆಯ ಭಟ್ಟಿಯಲ್ಲಿ ಒಲೆ ಮುಂದೆ, ಚಿಮಣಿ ಹಿಂದೆ. ಉರಿ ಪಾತ್ರೆಗಳ ನಡುವೆ ತೂರಿ ಹೋಗುತ್ತದೆ, ಎಲ್ಲಕ್ಕೂ ಒಂದೇ ಹದ ಸಿಗದು. ಅದಕ್ಕೇ ಹಳೆಯ ತಟ್ಟೆಗಳ ಬಣ್ಣದಲ್ಲಿ ಏರುಪೇರು ಇರುತ್ತದೆ. ಸೀನನ ತಟ್ಟೆ ಆಯಿಲ್ ಪೇಂಟ್ ಹೊಡೆದ ಗೇಟಿನ ಹಾಗಿದೆ.

ಸುಖೋಥಾಯ್‌ನ ಹಳೆಯ ರಾಜ ರಾಮ್‌ಖಮ್‌ಹೇಂಗ್ ಚೀನಾದಿಂದ ಕುಂಬಾರರನ್ನು ಕರೆತಂದ ಅನ್ನುವ ಕಥೆಯನ್ನೂ ಆ ವ್ಯಾಪಾರಿ ಹೇಳಿದ್ದಾನೆ. ಸಿ ಸಚ್ಚನಾಲಯದ ಹಳೆಯ ಭಟ್ಟಿಗಳಿರುವ ಬಾನ್ ಕೋ ನೋಯ್‌ನಲ್ಲಿ ಅಗೆದಾಗ ಸಿಕ್ಕಿದ್ದು ಬೇರೆ: ನೆಲ ಕೊರೆದು ಮಾಡಿದ ಗೂಡಿನಿಂದ ಇಟ್ಟಿಗೆ ಭಟ್ಟಿಯವರೆಗೆ ಹಂತಹಂತವಾಗಿ ಬೆಳೆದ ಕಸುಬು. ಈ ಮಾಲು ಹಡಗೇರಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ಗೆ ಹೋಗುತ್ತಿತ್ತು. ಜಪಾನಿನ ಚಹಾ ರಸಿಕರು ಸುಂಕೊರೊಕು ಅಂತ ಕರೆದು ಜೋಪಾನ ಮಾಡಿದರು. ಇಲ್ಲಿಯವರನ್ನು ಸುಮ್ಮನೆ ಚೀನಾದ ಶಿಷ್ಯರು ಅನ್ನಬೇಡಿ.

ಇನ್ನೊಂದು. ನಿಜವಾದ ಹಳೆ ತಟ್ಟೆಯಾದರೆ ದೇಶದಾಚೆ ಒಯ್ಯಲು ಇಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಕಾನೂನು 2504ರದ್ದು. ನಗಬೇಡಿ, ಇಲ್ಲಿ ಬುದ್ಧನ ಶಕೆ, 543 ಕಳೆದರೆ ನಮ್ಮ 1961. ಆ ಕಾಗದ ತೋರಿಸು ಅನ್ನಲಿ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾಗಿ ಕಾಗದವಿಲ್ಲದಿದ್ದರೆ ಕಳ್ಳಮಾಲು.

ನೀವು ಗಾಬರಿಯಾಗಬೇಡಿ, ಬಿಪಿ ಏರಿಸಿಕೊಳ್ಳಬೇಡಿ. ಅಡ್ವಾನ್ಸ್ ಕೊಟ್ಟಿರದಿದ್ದರೆ ದುಡ್ಡು ಎಲ್ಲೂ ಹೋಗಿಲ್ಲ, ಮದುವೆ ಚೆನ್ನಾಗೇ ಆಗಲಿ. ಮೀನಿನ ಚಿತ್ರದ ಹೊಸ ತಟ್ಟೆಯನ್ನು ಹೊಸದೆಂದೇ ಹೇಳಿ ಇಲ್ಲಿ ಮಾರುತ್ತಾರೆ, ಸೀನನಿಗೆ ಒಂದು ತರುತ್ತೇನೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು.

ಇಂತಿ,
ನಿಮ್ಮ ಮಗ